ನಿಮ್ಮ ಪೆಟ್ಟಿಗೆಗೂ ಕಿವಿ ಇದೆ

ದಾರಿಯ ಆಚೆ ಈಚೆ ಎದುರುಬದುರು ಎರಡು ಮನೆ ಇದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆಚೆ ಮನೆಗೆ ಹೊಸ ಹಂಡೆ ಬಂದ ದಿನವೇ ಈಚೆ ಮನೆಯ ಹಂಡೆ ಹಳೆಯದಾಗುತ್ತದೆ. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಜಲಜಮ್ಮನಿಗೂ ಎದುರು ಮನೆಯ ಕೆರಿಯಮ್ಮನಿಗೂ ಹೀಗೇ ನಡೆದಿತ್ತು. ಹಂಡೆ ಆಯಿತು, ಹೊಲಿಗೆ ಯಂತ್ರ ಆಯಿತು, ಆ ವರ್ಷ ಟೇಪ್ ರೆಕಾರ್ಡರಿನ ಸರದಿ.

ಮೊದಲು ತಂದವಳು ಕೆರಿಯಮ್ಮ. ಜಲಜಮ್ಮ ಗಂಡ ಮಾಸ್ತಪ್ಪನಿಗೆ ಸಾರು ಬಡಿಸುವಾಗಲೆಲ್ಲ ನಿಟ್ಟುಸಿರು ಬಿಟ್ಟಳು. ತಡೆಯಲಾರದೆ ಅವನು ಸಾಗರಕ್ಕೆ ಹೋಗಿ, ರೇಡಿಯೋ, ಟೇಪು ಎರಡೂ ಇರುವ ದೊಡ್ಡ ಪೆಟ್ಟಿಗೆಯನ್ನೇ ತಂದ. ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಚಂಡೆಯ ಪೆಟ್ಟು ಗದ್ದೆಯಾಚೆಗೂ ಕೇಳುತ್ತಿತ್ತು.

ಆದರೂ ಸಂಜೆ ಹೆಂಗಸರು ಸೇರುತ್ತಿದ್ದದ್ದು ಕೆರಿಯಮ್ಮನ ಜಗಲಿಯಲ್ಲೇ. ಅವಳ ಪೆಟ್ಟಿಗೆ ಅವರ ಮಾತನ್ನೇ ಹಿಡಿದಿಟ್ಟು ಅವರಿಗೇ ಕೇಳಿಸುತ್ತಿತ್ತು. ತಮ್ಮ ದನಿ ತಾವೇ ಕೇಳಿ ಅವರು ನಗುವುದು ಜಲಜಮ್ಮನ ಅಡುಗೆಮನೆಯವರೆಗೆ ಬರುತ್ತಿತ್ತು. ಅವಳಿಗೆ ಒಳಗೊಳಗೇ ಒಣಮೆಣಸು ಹುರಿದ ಹಾಗಾಗುತ್ತಿತ್ತು. ದೊಡ್ಡ ಪೆಟ್ಟಿಗೆ ತನ್ನದು, ಜನ ಮಾತ್ರ ಅಲ್ಲಿ.

ಒಂದು ದಿನ ಆ ಜಗಲಿಯಿಂದ ತನ್ನ ಅತ್ತೆ ಗುತ್ಯಮ್ಮನ ದನಿಯೇ ಬಂತು. ಎಳೆಬಿದಿರಿನ ಕಳಲೆಯನ್ನು ಹೇಗೆ ನೆನೆಸಬೇಕು, ನೀರು ಹೇಗೆ ಬದಲಿಸಬೇಕು ಎಂದು ಅತ್ತೆ ಅಲ್ಲಿ ಹೇಳುತ್ತಿದ್ದರು. ಆದರೆ ಅತ್ತೆ ಇಲ್ಲೇ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಜಲಜಮ್ಮ ಸೀದಾ ಹಿತ್ತಲಿಗೆ ಹೋದಳು.

"ನಮ್ಮನೆ ಅಡುಗೆ ಗುಟ್ಟೆಲ್ಲ ಆ ಮನೆಗೆ ಎಂತಕ್ಕೆ ಕೊಟ್ರಿ ಅತ್ತೆ?"

"ಅವಳು ಕೇಳಿದ್ಲು, ಹೇಳ್ದೆ," ಎಂದರು ಗುತ್ಯಮ್ಮ, ಕೈ ನಿಲ್ಲಿಸದೆ. "ನೀನು ಯಾವತ್ತು ಕೇಳಿದ್ದೆ?"

ಆ ರಾತ್ರಿ ಜಲಜಮ್ಮ ಉಣ್ಣಲಿಲ್ಲ. ತಮ್ಮ ಪೆಟ್ಟಿಗೆ ಯಾಕೆ ಹಾಗೆ ಮಾಡುವುದಿಲ್ಲ ಎಂದು ಗಂಡನನ್ನು ಕೇಳಿದಳು. ಕೆಂಪು ಗುಂಡಿ ಮುಟ್ಟಿದರೆ ಕ್ಯಾಸೆಟ್ಟಿನಲ್ಲಿದ್ದ ಹಾಡೆಲ್ಲ ಅಳಿಸಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ, ಅದರ ಸುದ್ದಿಗೆ ಹೋಗಬೇಡ ಎಂದು ಮಾಸ್ತಪ್ಪ ಹೇಳಿ ಮಗ್ಗುಲು ಬದಲಿಸಿದ. ಕೆರಿಯಮ್ಮನನ್ನು ಕೇಳಬಹುದಿತ್ತು. ಆದರೆ ಅವಳನ್ನು ಕೇಳುವುದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದೇ ಲೇಸು ಎನಿಸಿತು ಜಲಜಮ್ಮನಿಗೆ.

ಅಷ್ಟರಲ್ಲಿ ಮಗಳು ಗಂಗಾಳ ಮದುವೆ ಕೂಡಿಬಂತು. ಗಂಡಿನ ಮನೆ ಹೊಸನಗರದಾಚೆ, ಹುಲಿಕಲ್ಲಿನ ಹತ್ತಿರ. ಜಲಜಮ್ಮನ ಜನರ ಮದುವೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಬರೆಯುತ್ತಿರುವಾಗಲೇ ಹಸೆಯ ಹಾಡು ಹೇಳಬೇಕು. ಆ ಹಾಡಿನ ಕಟ್ಟಳೆ ಬಿಗಿ: ಹಸೆ ಇಲ್ಲದ ದಿನ ಆ ಹಾಡು ಬಾಯಿಗೆ ತರುವಂತಿಲ್ಲ, ಮುಗಿದ ಮೇಲೆ ಇನ್ನೊಂದು ಮದುವೆಯವರೆಗೆ ಇಲ್ಲ. ಹಾಗಾಗಿ ಯಾರೂ ಅದನ್ನು ಕೂತು ಕಲಿತಿರಲಿಲ್ಲ. ಊರಿನಲ್ಲಿ ಪೂರ್ತಿ ಬರುತ್ತಿದ್ದದ್ದು ಗುತ್ಯಮ್ಮನಿಗೆ ಮಾತ್ರ. ಅವರಿಗೋ ಮಳೆಗಾಲದಿಂದ ಕೆಮ್ಮು. ಇದೇ ಕೊನೆಯ ಹಸೆ, ಮುಂದೆ ಉಸಿರು ಸಾಲುವುದಿಲ್ಲ ಎಂದು ಅವರೇ ಹೇಳಿಬಿಟ್ಟಿದ್ದರು.

ಗಂಗಾಳಿಗೆ ಒಂದೇ ಆಸೆ. ಅಜ್ಜಿಯ ಹಾಡನ್ನು ಜೊತೆಗೆ ಒಯ್ಯಬೇಕು.

"ಕೆರಿಯಕ್ಕನ ಹತ್ರ ಪೆಟ್ಟಿಗೆ ತರೋಕೆ ಹೇಳನಾ ಅಮ್ಮ?"

"ಬೇಡ. ನಮ್ಮ ಅತ್ತೆ ಹಾಡು ಅವಳ ಪೆಟ್ಟಿಗೇಲಿ ಕೂತ್ರೆ ನಾಳೆ ಅದು ಅವಳ ಮನೆ ಹಾಡಾಗ್ತದೆ. ನಮ್ಮನೇಲೂ ಪೆಟ್ಟಿಗೆ ಇದೆ."

ಗಂಗಾಳ ಕಣ್ಣು ತುಂಬಿದ್ದನ್ನು ಜಲಜಮ್ಮ ನೋಡಿಯೂ ನೋಡದವಳಂತೆ ಒಲೆಗೆ ಸೌದೆ ಒಟ್ಟಿದಳು.

ಹಸೆ ಬರೆಯುವ ದಿನ ಬೆಳಿಗ್ಗೆ ಗೋಡೆ ಒಣಗಿ ಕೆಂಪಗೆ ನಿಂತಿತ್ತು. ಹೆಂಗಸರು ಬಂದು ಕೂತರು. ಅಕ್ಕಿ ರುಬ್ಬಲು ಕೆರಿಯಮ್ಮನೂ ಬಂದಳು. ಜಲಜಮ್ಮ ಗಂಡನ ಮಾತು ಮೀರಿ, ಕೋಣೆಯ ಮೂಲೆಯಲ್ಲಿ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿದಳು. ಅದು ಇಳಿಯಲಿಲ್ಲ. ಹೆಬ್ಬೆರಳಿಟ್ಟು ಒತ್ತಿದಳು, ಕಲ್ಲಿನ ಹಾಗೆ ಕೂತಿತ್ತು. ಅವಳಿಗೆ ಅಳುವೇ ಬಂತು. ಎದುರು ಮನೆಗೆ ಕಿವಿ ಇರುವ ಪೆಟ್ಟಿಗೆ, ತನಗೆ ಬಾಯಿ ಮಾತ್ರ ಇರುವ ಕಿವುಡು ಪೆಟ್ಟಿಗೆ.

ಬಾಗಿಲಲ್ಲಿ ಕೆರಿಯಮ್ಮ ಬಂದು ನಿಂತಿದ್ದು ಕಂಡು ಜಲಜಮ್ಮ ಪೆಟ್ಟಿಗೆಯ ಮೇಲೆ ಸೆರಗು ಎಳೆದಳು.

ಹೊರಗಿನಿಂದ ಗುತ್ಯಮ್ಮ ಕೂಗಿದರು. "ಹಿಟ್ಟು ಆರ್ತಾ ಇದೆ, ನಾನು ಶುರು ಮಾಡ್ತೀನಿ. ನನ್ನ ಉಸಿರು ನಿನ್ನ ಹೊಟ್ಟೆಕಿಚ್ಚು ಆರೋವರೆಗೆ ಕಾಯಲ್ಲ ಜಲಜ."

ಎಲ್ಲರಿಗೂ ಕೇಳಿತು. ಜಲಜಮ್ಮನ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಬಾಗಿಲಾಚೆ ಗಂಗಾ ಅಜ್ಜಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಆ ಬಗ್ಗಿದ ಕತ್ತನ್ನು ನೋಡಿದಾಗ ಜಲಜಮ್ಮ ಹೇಳಿಯೇಬಿಟ್ಟಳು, ಕೆರಿಯಮ್ಮನ ಮುಖ ನೋಡದೆಯೇ.

"ನಿನ್ನ ಪೆಟ್ಟಿಗೆ ತಗಂಡು ಬಾ. ನಂದು ಕೆಲಸಕ್ಕೆ ಬಾರದ್ದು."

ಕೆರಿಯಮ್ಮ ಒಳಗೆ ಬಂದು ಸೆರಗು ಸರಿಸಿ, ಮುಚ್ಚಳ ತೆರೆದು ಕ್ಯಾಸೆಟ್ ಹೊರಗೆ ತೆಗೆದಳು. "ನನ್ನದು ಯಾಕೆ ಬೇಕು? ನಿಂದೂ ಅದೇ ಕೆಲಸ ಮಾಡ್ತದೆ. ಇಲ್ನೋಡು, ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ತೂತು ಇದೆ. ಅಂಗಡಿಯಿಂದ ಹಾಡು ತುಂಬಿ ಬಂದಿದ್ದಕ್ಕೆ ಹೀಗೇ ಇರ್ತದೆ. ಯಾರೂ ಅಳಿಸಬಾರ್ದು ಅಂತ ಅಲ್ಲಿನ ಚೂರನ್ನ ಮುರ್ದಿರ್ತಾರೆ. ಅದಕ್ಕೇ ಗುಂಡಿ ಇಳೀತಿಲ್ಲ. ಖಾಲಿ ಕ್ಯಾಸೆಟ್ ಹಾಕಿದ್ರೆ ಇಳೀತದೆ."

"ನಿನಗೆ ಇದೆಲ್ಲ ಹೇಗೆ ಗೊತ್ತು?"

"ನಾನು ನನ್ನ ತಮ್ಮನ ಮದುವೆ ಮಾತೆಲ್ಲ ಅಳಿಸಿ ಕಲ್ತೆ."

ಜಲಜಮ್ಮನಿಗೆ ಇನ್ನೂ ಅನುಮಾನ. ಇಷ್ಟು ಸುಲಭವಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಳು. ಕೆರಿಯಮ್ಮ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

"ನಂಗೂ ಹೊಟ್ಟೆಕಿಚ್ಚು ಮಾರಾಯ್ತಿ. ನನ್ನ ಮನೇಲಿ ಪೆಟ್ಟಿಗೆ ಇದೆ. ಅದರ ಮುಂದೆ ಕೂರ್ಸೋಕೆ ಇಂಥ ಅತ್ತೆ ಇಲ್ಲ."

ಅವಳು ದಾರಿ ದಾಟಿ ಹೋಗಿ ಒಂದು ಖಾಲಿ ಕ್ಯಾಸೆಟ್ಟೂ ಹೊಸ ಬ್ಯಾಟರಿ ಶೆಲ್ಲುಗಳನ್ನೂ ತಂದಳು. ಶೆಲ್ಲು ಸೋತಿದ್ದರೆ ದನಿ ಕೆಟ್ಟುಹೋಗುತ್ತದೆ ಎಂದು ಹಳೆಯದನ್ನು ತೆಗೆಸಿದಳು. ರೇಡಿಯೋ ಕಡೆಗಿದ್ದ ಗುಬುಟನ್ನು ಟೇಪಿನ ಕಡೆಗೆ ತಿರುಗಿಸಿದಳು. ಅದು ರೇಡಿಯೋದಲ್ಲೇ ಇದ್ದರೆ ರೇಡಿಯೋದಲ್ಲಿ ಬರುವುದೂ ಹೀಗೇ ತುಂಬಿಕೊಳ್ಳುತ್ತದೆ, ಮಕ್ಕಳ ಚುಚ್ಚುಮದ್ದಿನ ಮಾತು ಬಂದಾಗ ತಾನು ಹಾಗೇ ಹಿಡಿದಿಟ್ಟಿದ್ದೇನೆ ಎಂದಳು. ಆಮೇಲೆ ಜಲಜಮ್ಮನ ಕೈಯಿಂದಲೇ ಕೆಂಪು ಗುಂಡಿಯನ್ನೂ ಹಾಡಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿಸಿದಳು. ಈ ಸಲ ಎರಡೂ ಇಳಿದವು.

"ಮೊದಲು ಎರಡು ಮಾತಾಡಿ ನೋಡ್ಬೇಕು. ಮಾತಾಡು."

"ನನ್ನ ಕೈಲಿ ಇದೆಲ್ಲ ಆಗಲ್ಲ," ಎಂದಳು ಜಲಜಮ್ಮ.

ಹಿಂದಕ್ಕೆ ತಿರುಗಿಸಿ ಹಾಕಿದಾಗ ಪೆಟ್ಟಿಗೆಯೂ ಅದನ್ನೇ ಹೇಳಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ತಾನು ಇಷ್ಟು ಗಟ್ಟಿಯಾಗಿ ಮಾತಾಡುತ್ತೇನೆಯೇ ಎಂದು ಜಲಜಮ್ಮ ಗಾಬರಿಯಾದಳು. ಬಾಗಿಲ ಬಳಿ ನಿಂತಿದ್ದ ಮಾಸ್ತಪ್ಪ, ಪೆಟ್ಟಿಗೆ ಸ್ವಲ್ಪ ಮೆತ್ತಗೇ ಹೇಳಿದೆ ಎಂದ.

ಗುತ್ಯಮ್ಮನನ್ನು ಕೇಳದೆ ತುಂಬಿಕೊಳ್ಳಬಾರದು ಎಂದು ಕೆರಿಯಮ್ಮ ಮೊದಲು ಅವರನ್ನು ಕೇಳಿದಳು. ಮುದುಕಿ ಪೆಟ್ಟಿಗೆಯನ್ನು ನೋಡುತ್ತ ಯೋಚಿಸಿದರು.

"ತುಂಬಿಕೊಳ್ಳಿ. ಹಸೆ ಬರೆಯೋ ಮನೇಲಿ ಮಾತ್ರ ಹಾಕ್ಬೇಕು. ಸುಮ್ನೆ ಕೂತಾಗ ಹಾಕಿದ್ರೆ ನಾನು ಒಪ್ಪಲ್ಲ."

ಪೆಟ್ಟಿಗೆಯನ್ನು ರುಬ್ಬುಗುಂಡಿನಿಂದ ದೂರ, ಗುತ್ಯಮ್ಮನ ಹತ್ತಿರ ಮಡಿಸಿದ ಕಂಬಳಿಯ ಮೇಲೆ ಇಟ್ಟರು. ಪುಂಡಿನಾರಿನ ಕುಂಚ ಗೋಡೆಯ ಮೇಲೆ ಮೊದಲ ಬಿಳಿ ಗೆರೆ ಎಳೆಯಿತು. ಹಾಡು ಎದ್ದಿತು. ಕ್ಯಾಸೆಟ್ಟಿನ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಚಿತ್ತಾರ ಅರ್ಧ ತುಂಬುವಾಗ ಗುತ್ಯಮ್ಮನಿಗೆ ಕೆಮ್ಮು ಒತ್ತಿಬಂತು. ಹಾಡು ನಿಂತಿತು. ಜಲಜಮ್ಮ ಗುಂಡಿಯ ಕಡೆ ಕೈ ಚಾಚಿದಳು. ಕೆರಿಯಮ್ಮ ಆ ಕೈ ಹಿಡಿದುಕೊಂಡಳು.

ಕೆಮ್ಮೂ ಒಳಗೆ ಹೋಯಿತು, ನೀರು ಕುಡಿದ ಸದ್ದೂ ಹೋಯಿತು. ಆಮೇಲೆ ಬಿಟ್ಟ ಸಾಲಿನಿಂದಲೇ ಎತ್ತಿಕೊಂಡ ಆ ಸಣ್ಣ, ಗಟ್ಟಿ ದನಿ ಕೊನೆಯ ಗೆರೆಯವರೆಗೆ ನಡೆಯಿತು.

ಮುಗಿದ ಕೂಡಲೇ ಕೆರಿಯಮ್ಮ ಕ್ಯಾಸೆಟ್ ತೆಗೆದು, ತಲೆಪಿನ್ನಿನಿಂದ ಬೆನ್ನಿನ ಎರಡು ಚೂರನ್ನೂ ಮುರಿದಳು. ಇನ್ನು ಯಾರೂ ಮರೆತು ಅಳಿಸುವಂತಿರಲಿಲ್ಲ. ಮಾರನೆಯ ದಿನ ಎರಡು ಪೆಟ್ಟಿಗೆಗಳನ್ನು ಎದುರುಬದುರು ಇಟ್ಟು, ಬಾಗಿಲು ಮುಚ್ಚಿ, ಹಸೆಯ ಮುಂದೆಯೇ ಇನ್ನೊಂದು ಪ್ರತಿ ಮಾಡಿದರು. ಅದು ಗಂಗಾಳ ಟ್ರಂಕಿನಲ್ಲಿ ಸೀರೆಗಳ ನಡುವೆ ಘಾಟಿಯ ದಾರಿ ಹಿಡಿಯಿತು.

ಕೆರಿಯಮ್ಮನ ಮಗಳ ಮದುವೆಗೂ ಆ ಹಾಡು ಬೇಕಲ್ಲವೇ ಎಂದು ಯಾರೋ ಕೇಳಿದರು. ಜಲಜಮ್ಮ ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿದಳು. "ಕೊಡಲ್ಲ," ಎಂದಳು. "ನಾನೇ ಹೊತ್ಕೊಂಡು ಬಂದು ಹಾಕ್ತೀನಿ. ನನ್ನ ಪೆಟ್ಟಿಗೇಲಿ."

ಅಕ್ಕತಂಗಿಯರೇ, ಇದನ್ನು ಓದಿ ಮುಗಿಸಿದವರು ಎದ್ದು ನಿಮ್ಮ ಮನೆಯ ಟೇಪ್ ರೆಕಾರ್ಡರನ್ನು ಒಮ್ಮೆ ನೋಡಿ. ಕೆಂಪು ಗುಂಡಿ ಇದ್ದರೆ ಅದು ಹಾಡುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತದೆ ಕೂಡ. ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ, ಒಂದು ಖಾಲಿ ಕ್ಯಾಸೆಟ್ ಸಾಕು. ಹಾಡುವವರ ಒಪ್ಪಿಗೆ ಕೇಳಿ, ಮೊದಲು ಎರಡು ಮಾತು ತುಂಬಿ ಪರೀಕ್ಷಿಸಿ, ಮುಗಿದ ಮೇಲೆ ಬೆನ್ನಿನ ಚೂರು ಮುರಿಯಲು ಮರೆಯಬೇಡಿ. ಹಾಡು, ಗಾದೆ, ಮದ್ದಿನ ಬಳ್ಳಿಯ ಗುರುತು, ಬಾಣಂತಿಯ ಆರೈಕೆ, ನಿಮ್ಮ ಮನೆಯ ಹಿರಿಯರಿಗೆ ಏನು ಗೊತ್ತಿದೆಯೋ ಅದನ್ನು ಅವರಿರುವಾಗಲೇ ತುಂಬಿಕೊಳ್ಳಿ. ಗುಂಡಿ ಯಾವುದೆಂದು ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅವರು ಎದುರು ಮನೆಯವರೇ ಆಗಿದ್ದರೂ ಸರಿ.