ಬಲಗೈ ಕರೇಲ

ಗರಡ್ಯಾಗ ಹೆಂಗಸರು ಕಾಲಿಡಬಾರದು ಅಂತ ನಮ್ಮನಿಯವರು ಹೇಳ್ತಿದ್ರು. ಅವರ ಗರಡಿ ಅಂದ್ರ ಏನು, ನಮ್ಮನಿ ಹಿಂದಿನ ದನದ ಕೊಟ್ಟಿಗಿ. ಒಂದು ಮೂಲ್ಯಾಗ ಎಮ್ಮಿ ಕಟ್ಟಿರತಿತ್ತು, ಇನ್ನೊಂದು ಮೂಲ್ಯಾಗ ಇವರು ಲಂಗೋಟಿ ಕಟ್ಟಿ ಸಾಮು ಮಾಡತಿದ್ರು. ಸಗಣಿ ಬಳಿಯಾಕ ಮಾತ್ರ ಹೆಂಗಸು ಒಳಗ ಬರಬಹುದಿತ್ತು. ಅದಕ್ಕ ಗರಡಿ ದೇವರು ಹಣಮಪ್ಪನ ಅಡ್ಡಿ ಇರಲಿಲ್ಲಂತ.

ಎಮರ್ಜನ್ಸಿ ತಗದ ಮರುವರ್ಷದ ಮಾತಿದು. ಸವಣೂರಾಗ ಎಲಿಬಳ್ಳಿ ತೋಟದಾಗ ಇವರ ದುಡಿತ. ನಿಚ್ಚಣಿಕಿ ಹತ್ತಿ, ಎರಡೂ ಕೈ ತಲಿ ಮ್ಯಾಲೆತ್ತಿ, ಬಳ್ಳಿ ಹಿಡದು ಗಿಡಕ್ಕ ಕಟ್ಟೂ ಕೆಲಸ. ಕೈ ಮ್ಯಾಲೇಳದಾಂವಗ ಅಲ್ಲಿ ಕೆಲಸಿಲ್ಲ. ಆ ವರ್ಷ ಬ್ಯಾಸಗ್ಯಾಗ ಹಾನಗಲ್ಲ ಕುಸ್ತಿಗೆ ಹೋದ್ರು. ವಯಸ್ಸಾತು, ಬ್ಯಾಡ್ರಿ ಅಂದೆ. ಕೇಳಲಿಲ್ಲ. ಮೀಸಿ ಮೂಡದ ಹುಡುಗ ಒಬ್ಬ ಇವರ ಬಲಗೈ ತಿರುವಿ ಒಗದ, ತೋಳಿನ ಕೀಲು ತಪ್ಪಿತು.

ದುಂಡಸ್ಯಾಗ ಯಂಕವ್ವ ಅಂತ ಇದ್ಲು, ಎಲಬು ಕೂಡಸಾಕಿ. ಎಳದು ಕೂಡಿಸಿದ್ಲು. ಮುಂದ ನಿಚ್ಚಣಿಕಿ ಮ್ಯಾಲ ಇನ್ನೊಮ್ಮೆ ತಪ್ಪಿತು, ಮತ್ತ ಕೂಡಿಸಿದ್ಲು. ಆಮ್ಯಾಲ ಕೈ ಕಿವಿ ಮಟ ಬಂದ್ರ ಸಾಕು, ಇವರು ಮಾರಿ ಕಿವುಚತಿದ್ರು. ರುಮಾಲು ಸುತ್ತಾಕೂ ನಾನ ಬೇಕು. ಊರ ತುಂಬ ಪೈಲವಾನ ಗೋಣೆಪ್ಪ ಅನಸಿಕೊಂಡಾಂವಗ ಹೇಣ್ತಿ ರುಮಾಲು ಸುತ್ತೂದು!

ತೋಟದ ಧಣಿ ಮನಿಗೇ ಬಂದು ಹೇಳಿದ. "ಗೋಣೆಪ್ಪಾ, ದೀಪಾವಳಿ ಹಟ್ಟಿಹಬ್ಬದ ಮಟ ನೋಡ್ತೇನಿ. ಕೈ ಏರಿದ್ರ ನಿಚ್ಚಣಿಕಿ ನಿಂದು. ಇಲ್ಲಂದ್ರ ಬ್ಯಾರೇದಾಂವನ್ನ ಹಚ್ಚತೇನಿ, ಮನಸಿಗೆ ಹಚ್ಚಿಕೋಬ್ಯಾಡ." ಕೆಟ್ಟ ಮನಶ್ಯಾ ಅಲ್ಲ ಅಂವಾ. ಬಳ್ಳಿ ಬೆಳಿಯೂದು ನಮ್ಮ ಸಲುವಾಗಿ ನಿಲ್ಲೂದಿಲ್ಲಲ್ಲ.

ಯಂಕವ್ವ ಹೇಳಿದ್ದು ಇಷ್ಟ: "ಕೈಗೆ ಕೆಲಸ ಕೊಡು ತಮ್ಮಾ, ಆದ್ರ ಹಗೂರದ್ದು ಕೊಡು. ಎಳೀ ಕೂಸಿಗೆ ಗಂಜಿ ಕುಡಿಸಿದಂಗ."

ಅಲ್ಲಿಂದ ಸುರು ಆತು ನೋಡ್ರಿ, ಏನು ಎತ್ತಬೇಕು ಅನ್ನೂ ಪಂಚಾಯ್ತಿ. ಮದಲ ಗುಂಡಗಲ್ಲು ಹೊತ್ತು ತಂದ್ರು. ಎದಿ ಮಟ ಎತ್ತಿದ್ರು, ಅಲ್ಲಿಂದ ಮ್ಯಾಲ ಹೋಗಲಿಲ್ಲ, ಜಾರಿ ಬಿತ್ತು, ಕಾಲಬೆರಳು ಉಳದದ್ದು ನನ್ನ ಪುಣ್ಯಾ. ಆಮ್ಯಾಲ ಶಿಗ್ಗಾಂವ್ಯಾಗಿನ ಡ್ರಿಲ್ ಮಾಸ್ತರ ಒಂದು ಕಬ್ಬಿಣದ ಸಲಾಕಿ ಕೊಟ್ರು, ಎರಡೂ ತುದಿಗೆ ಗಾಲಿ ಇದ್ದದ್ದು. ಪಾಪ, ಅವರು ಒಳ್ಳೇದಕ್ಕ ಕೊಟ್ಟದ್ದು. ಆದ್ರ ಸಲಾಕಿ ಅಂದ್ರ ಎರಡೂ ಕೈ ಒಂದ ಗಳಕ್ಕ ಕಟ್ಟಿದಂಗ. ಎಡಗೈ ಹೋದಷ್ಟು ಎತ್ತರಕ್ಕ ಬಲಗೈನೂ ಹೋಗಬೇಕು, ಕುಂಟ ಎತ್ತನ್ನ ಜೋಡೆತ್ತು ಎಳಕೊಂಡು ಹೋದಂಗ. "ಯವ್ವಾ!" ಅಂತ ಒದರಿ ಸಲಾಕಿ ಒಗದ್ರು. ಎಮ್ಮಿ ಬೆದರಿ ಆವತ್ತು ಹಾಲು ಕೊಡಲಿಲ್ಲ.

ಉಳದದ್ದು ಕರೇಲ. ಮರದ್ದು, ಗದೆ ಆಕಾರದ್ದು, ಒಂದೊಂದು ಕೈಯಾಗ ಒಂದೊಂದು ಹಿಡದು ಮ್ಯಾಲೆತ್ತೂದು, ತಿರುವೂದು. ನೋವಿನ ಕೈ ತನಗ ಆದಷ್ಟು ಹೋಗಬಹುದು. ಬಲಗೈಗೆ ಹಗೂರದ್ದು, ಎಡಗೈಗೆ ತೂಕದ್ದು ಮಾಡಸ್ರಿ ಅಂದೆ. ಅಷ್ಟಂದದ್ದ ತಡ, ಹಾವು ತುಳದವರಂಗ ಮಾಡಿದ್ರು.

"ಜೋಡಿ ಅಂದ್ರ ಜೋಡಿ! ಒಂದ ಬೊಡ್ಡಿಯಿಂದ ಕಡೀಬೇಕು, ತೂಕದಾಗ ಹೆಚ್ಚುಕಮ್ಮಿ ಇರಬಾರದು. ಹಣಮಪ್ಪನ ಮುಂದ ಇಟ್ಟು ಕಾಯಿ ಒಡದ ಮ್ಯಾಲ ಅದಕ್ಕಿಂತ ಹಗೂರದ್ದು ಮುಟ್ಟಿದ್ರ ನನ್ನ ಉಸ್ತಾದರ ಹೆಸರಿಗೆ ಮಸಿ."

"ಉಸ್ತಾದರು ಸತ್ತು ಎಷ್ಟೋ ವರ್ಷಾತಲ್ರಿ."

"ಹೆಸರು ಸತ್ತಿಲ್ಲ," ಅಂದ್ರು.

ತಡಸದ ಬಡಿಗೇರ ಚೌಡಪ್ಪಗ ಜಾಲಿ ಮರದ್ದು, ಗಟ್ಟೀದ್ದು, ಸಮತೂಕದ್ದು ಅಂತ ಹೇಳಿ ಬಂದ್ರು. ಇದು ಹಿಡದ್ರ ತೋಳು ಮೂರನೇ ಸಲ ಕಳಚತೈತಿ, ಆಮ್ಯಾಲ ಹಟ್ಟಿಹಬ್ಬನೂ ಇಲ್ಲ, ನಿಚ್ಚಣಿಕಿನೂ ಇಲ್ಲ ಅಂತ ನನಗ ಗೊತ್ತಾತು. ತವರಮನಿಗೆ ಹೋಗತೇನಂತ ಹೇಳಿ ತಡಸದ ಬಸ್ಸು ಹತ್ತಿದೆ.

"ಚೌಡಪ್ಪಣ್ಣಾ, ಒಂದರ ಹೊಟ್ಟಿ ಕೊರದು ತಗಿ. ತಳಕ್ಕ ಬೆಣಿ ಬಡದು ಉಜ್ಜು. ನೋಡಿದ್ರ ಗೊತ್ತಾಗಬಾರದು."

ಚೌಡಪ್ಪ ಉಳಿ ಕೆಳಗಿಟ್ಟ. "ಏ ಸಾವಂತ್ರಕ್ಕಾ, ಪೈಲವಾನಗ ತಿಳದ್ರ ನನ್ನ ಕೈ ಮುರೀತಾನ."

"ಮುರಿಯಾಕ ಅವರ ಕೈ ಏಳಬೇಕಲ್ಲ. ಎದ್ರ ನಿನಗ ಹೋಳಿಗಿ ಉಣಸ್ತೇನಿ."

ಅಂವಾ ನಕ್ಕ, ಕೊರದ. ಪೊಳ್ಳು ಇದ್ದದ್ದಕ್ಕ ಒಂದು ಕೆಂಪು ದಾರ ಕಟ್ಟಿ, ತವರಮನಿಯಿಂದ ಬರೂ ದಾರ್ಯಾಗ ಇಸಗೊಂಡೆ ಅಂತ ಹೇಳಿ ಜೋಡಿ ತಂದು ಕೊಟ್ಟೆ. ಹಣಮಪ್ಪಗ ಬೇಡಿಕೊಂಡು ಕಟ್ಟೇನಿ, ಇದು ಬಲಗೈದು, ಕೈ ಬದಲಿ ಮಾಡಬ್ಯಾಡ್ರಿ ಅಂದೆ. ದೇವರ ಹೆಸರ್ಲೆ ಸುಳ್ಳು ಹೇಳಿದೆ ಹೌದು. ಹಣಮಪ್ಪನೂ ಸಂಜೀವಿನಿ ತರೂವಾಗ ಬೇರು ಸಿಗಲಿಲ್ಲಂತ ಗುಡ್ಡಾನ ಹೊತ್ತು ತಂದಾನ, ಅಂವಗ ನನ್ನ ಸಂಕಟ ತಿಳೀತೈತಿ.

ಇವರಿಗೆ ಗೊತ್ತಾಗಲಿಲ್ಲ. ಬಲಗೈ ಸೋತದ್ದು, ಅದಕ್ಕ ಹಗೂರದ್ದೂ ಭಾರನ. ಕಾಯಿ ಒಡದು ಸುರು ಮಾಡಿದ್ರು. ಮದಲ ಹೆಗಲ ಮಟ, ಆಮ್ಯಾಲ ಗದ್ದದ ಮಟ. ನಾ ಸಗಣಿ ಬಳಿಯೂ ನೆವದಾಗ ದಿನಾ ನೋಡತಿದ್ದೆ. ಬಳದದ್ದನ್ನ ಬಳದದ್ದ. ಮಳಿಗಾಲ ಮುಗಿಯೂದ್ರಾಗ ಕರೇಲ ಕಿವಿ ಹತ್ರ ಬರಾಕತ್ತಿತು. ಕಿವಿ ಮಾತ್ರ ದಾಟಲಿಲ್ಲ. ಅಲ್ಲಿಗೆ ಬಂದ ಕೂಡಲೆ ಕೈ ತಾನ ಅಂಜಿ ನಿಲ್ಲತಿತ್ತು.

ಗಂಡಸಿಗೆ ಒಂದು ತುತ್ತು ಹೊಟ್ಟಿಗೆ ಬಿತ್ತಂದ್ರ ಊರಿಗೇ ಊಟ ಹಾಕತೇನಂತಾನ. ಹಟ್ಟಿಹಬ್ಬ ಹತ್ರ ಬಂತು. ಒಂದಿನ ಮುಂಜಾನೆ ಎದಿ ಉಬ್ಬಿಸಿ, "ನೋಡ, ನನ್ನ ಬಲಗೈ ಈಗ ಎಡಗೈಗಿಂತ ಜೋರೈತಿ. ಎಡಗೈ ದಣೀತೈತಿ, ಇದು ದಣಿಯೂದಿಲ್ಲ. ಇವತ್ತು ಊರಾಗಿನ ದೊಡ್ಡ ಗರಡಿಗೆ ಹೋಗಿ ಎಲ್ಲಾರ ಮುಂದ ಗುಂಡಗಲ್ಲು ಎತ್ತತೇನಿ. ಕಿವಿ ಏನು, ತಲಿ ಮ್ಯಾಲ ಒಯ್ತೇನಿ," ಅಂದ್ರು.

ಹೇಳಿದ್ರ ಮಾನ ಹೋಗತೈತಿ, ಹೇಳದಿದ್ರ ತೋಳು ಹೋಗತೈತಿ. ಮಾನಾನ ಹೋಗಲಿ ಅಂದೆ. ಸಗಣಿ ಬುಟ್ಟಿ ಕೆಳಗಿಟ್ಟು ಹೇಳಿಬಿಟ್ಟೆ.

"ದಾರ ಕಟ್ಟಿದ್ದು ಪೊಳ್ಳೈತ್ರಿ. ನಾನ ಕೊರಸೇನಿ."

ನಂಬಲಿಲ್ಲ. ಎರಡನ್ನೂ ಒಯ್ದು ಎಮ್ಮಿ ನೀರು ಕುಡಿಯೂ ಬಾನ್ಯಾಗ ಒಗದ್ರು. ಒಂದು ನೀರಾಗ ಮುಳುಗಿ ಬೆನ್ನಷ್ಟ ತೋರಿಸ್ತು. ದಾರದ್ದು ತೆಪ್ಪದಂಗ ಮ್ಯಾಲ ಕುಂತು ಅಲ್ಲಾಡಾಕತ್ತಿತು. ಇವರು ಅದನ್ನ ಕೆಳಗ ಒತ್ತಿದ್ರು, ಮತ್ತ ಮ್ಯಾಲ ಬಂತು.

"ಕಾಯಿ ಒಡದೇನಲ್ಲ ಇದಕ್ಕ," ಅಂದ್ರು. ದನಿ ಸಣ್ಣಗಿತ್ತು. ಆಮ್ಯಾಲ ದೊಡ್ಡದಾತು. "ಮನ್ಯಾಗ ಕುಂತು ಮೋಸ ಮಾಡಿದಿಯೇನ? ನನ್ನನ್ನ ಸಣ್ಣ ಹುಡುಗೂರಂಗ ಆಡಿಸಿದಿಯೇನ?"

ಬೈಲಿ ಅಂತ ನಿಂತೆ. ಕೆಟ್ಟ ಅನಸ್ತು, ಅವರ ಕಣ್ಣಾಗ ನೀರು ಬಂದದ್ದು ನೋಡಿ. ಆದ್ರ ತಪ್ಪು ಮಾಡೇನಂತ ಅನಸಲಿಲ್ಲ, ಈಗೂ ಅನಸೂದಿಲ್ಲ.

ದಾರದ ಕರೇಲ ನೀರಿಂದ ಎಳದು ಕಟಗಿ ಒಡಿಯೂ ದಿಮ್ಮಿ ಮ್ಯಾಲ ಇಟ್ರು. ಗ್ವಾಡಿಗೆ ಆನಿಸಿದ್ದ ಕೊಡ್ಲಿ ತಗೊಂಡ್ರು. ಎಮ್ಮಿ ಎದ್ದು ನಿಂತಿತು.

ಎತ್ತಿದ್ರು. ನಾ ಕೊಡ್ಲಿ ನೋಡಲಿಲ್ಲ, ತೋಳು ನೋಡಿದೆ. ಬಲದ ತೋಳು ಕಿವಿ ದಾಟಿತು, ತಲಿ ದಾಟಿತು, ನೆಟ್ಟಗ ಮ್ಯಾಲ ನಿಂತಿತು. ಮಾರಿ ಕಿವುಚಲಿಲ್ಲ. ಯವ್ವಾ ಅನಲಿಲ್ಲ. ಸಿಟ್ಟಿನ ಭರಕ್ಕ ಅವರಿಗೆ ಖಬರ ಇರಲಿಲ್ಲ. ಕೊಡ್ಲಿ ಇಳೀತು, ಕರೇಲ ಎರಡು ಹೋಳಾಗಿ ಆಕಡಿಗೊಂದು ಈಕಡಿಗೊಂದು ಹಾರಿತು.

ನನಗ ಅಳು ಬಂತು. ಅದರ ಜೋಡಿ ನಗುನೂ ಬಂತು, ಸೆರಗು ಬಾಯಾಗ ತುರುಕಿಕೊಂಡ್ರೂ ನಿಲ್ಲಲಿಲ್ಲ.

"ಮಾಡೂದು ಮಾಡಿ ಮ್ಯಾಲ ನಗತೀಯೇನ?" ಅಂತ ಕಣ್ಣು ಕೆಂಪಗ ಮಾಡಿದ್ರು.

"ಬೈರಿ, ಎಷ್ಟರ ಬೈರಿ," ಅಂದೆ. ಬಾನ್ಯಾಗಿಂದ ಇನ್ನೊಂದು ಕರೇಲ ಎತ್ತಿ ದಿಮ್ಮಿ ಮ್ಯಾಲ ಇಟ್ಟೆ. "ಇದನ್ನೂ ಒಂದು ಸೀಳ್ರಿ, ಇನ್ನೊಮ್ಮೆ ನೋಡ್ತೇನಿ."