ಗಂಟೆಯಿದ್ದ ಕಡೆ ಗುಡುಗು

ನಾಟಕ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕೀಬೋರ್ಡಮ್ಮ ಎಂದೇ ಕರೆಯುತ್ತಿದ್ದರು. ರಂಗದ ಬಲಗಡೆ, ಪರದೆಯ ಅಂಚಿಗೆ ಅಂಟಿಕೊಂಡಂತೆ ಅವಳ ಜಾಗ. ಎಡಗೈ ಹಾಡಿಗೆ ಸ್ವರ ಹಿಡಿದರೆ ಬಲಗೈ ಕೀಬೋರ್ಡಿನ ತುದಿಯಲ್ಲಿ ಓಡಾಡುತ್ತಿತ್ತು. ಅಲ್ಲಿ ಒಂದೊಂದು ಕೀಯಲ್ಲೂ ಒಂದೊಂದು ಸದ್ದು: ಕುದುರೆಯ ಓಟ, ಗಾಜು ಒಡೆಯುವುದು, ಗಾಳಿ, ಗಂಟೆ, ಗುಡುಗು. ತಾಲೀಮಿನಲ್ಲಿ ಯಾರಾದರೂ ಮಾತು ಮರೆತು ಕಣ್ಣು ಕಣ್ಣು ಬಿಟ್ಟರೆ ಕತ್ತೆ ಕೂಗಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಕಂಪನಿಯ ಯಜಮಾನ ಅವಳ ಭಾವ, ಗಂಡನ ಅಣ್ಣ. ಗಂಡ ಕಂಪನಿಯ ನಾಯಕನಟ. ಹೆತ್ತವರನ್ನು ಕಳೆದುಕೊಂಡ ತಮ್ಮನನ್ನು ಅಣ್ಣನೇ ಎತ್ತಿ ಆಡಿಸಿ, ಬೆಳೆಸಿ, ಮುಖಕ್ಕೆ ಬಣ್ಣ ಹಚ್ಚಿ ರಂಗಕ್ಕೆ ತಂದಿದ್ದ. ಅಣ್ಣ ಹಾಕಿದ ಗೆರೆಯನ್ನು ತಮ್ಮ ದಾಟಿದವನಲ್ಲ.

ಆ ವರ್ಷ ಜನ ಮುಗಿಬಿದ್ದು ನೋಡುತ್ತಿದ್ದ ನಾಟಕದ ಕೊನೆಯಲ್ಲಿ ನಾಯಕ ಕೋಟೆಯ ಬುರುಜಿನಿಂದ ಕೆಳಗೆ ಹಾರಬೇಕಿತ್ತು. ಬುರುಜಿನ ಬುಡದಲ್ಲೇ ಸೈನಿಕರು ಓಡಿ ಹೋಗುತ್ತಿದ್ದುದರಿಂದ ಅಲ್ಲಿ ಮೊದಲೇ ಹಾಸಿಗೆ ಹಾಸಿಡುವಂತಿರಲಿಲ್ಲ. ಅವರು ಹೋದ ಮೇಲೆ ದೀಪ ಆರುತ್ತಿತ್ತು. ಗಂಡ ಕತ್ತಲಲ್ಲಿ ಮೇಲೆ ನಿಂತು ಕೊನೆಯ ಮಾತು ಹೇಳುತ್ತಿರುವಾಗ ಇವಳು ಗಂಟೆ ಒತ್ತಬೇಕು. ಪರದೆಯ ಮರೆಯಲ್ಲಿ ಕಾದಿರುವ ರಂಗಸಜ್ಜಿಕೆಯ ಕೆಲಸದ ಮೀಸೆಯಣ್ಣ ಮತ್ತು ಅವನ ಜೊತೆಗಾರ ಗಂಟೆ ಕೇಳಿದೊಡನೆ ದಪ್ಪ ಹಾಸಿಗೆಯನ್ನು ಎಳೆದು ತಂದು ಬುರುಜಿನ ಬುಡಕ್ಕೆ ಸೇರಿಸುತ್ತಿದ್ದರು. ಆಮೇಲೆ ಇವಳು ಗುಡುಗು ಒತ್ತಬೇಕು. ಗುಡುಗು ಕೇಳಿದರೆ ಗಂಡ ಹಾರುತ್ತಿದ್ದ. ಗಂಟೆ ಕೆಳಗಿನವರಿಗೆ, ಗುಡುಗು ಮೇಲಿನವನಿಗೆ. ಗಾಳಿಯ ಸದ್ದು, ತನ್ನದೇ ಮಾತಿನ ಅಬ್ಬರದ ನಡುವೆ ಅವನಿಗೆ ಗಂಟೆ ಕೇಳಿಸುತ್ತಲೇ ಇರಲಿಲ್ಲ.

ಹೊಸ ಊರಿನಲ್ಲಿ ಮೊದಲ ಆಟ. ಅವಳು ಸೀರೆಯ ಸೆರಗು ಬಿಗಿದುಕೊಂಡು ರಂಗಕ್ಕೆ ಬಂದಾಗ ಭಾವ ಕೀಬೋರ್ಡಿನ ಮುಂದೆ ಕೂತಿದ್ದ. ಅದಕ್ಕೊಂದು ಪೆನ್‌ಡ್ರೈವ್ ಸಿಕ್ಕಿಸಿದ್ದ.

"ಹಳೇ ಗುಡುಗು ತಗಡು ಬಿದ್ದ ಹಾಗಿತ್ತಮ್ಮ. ಹೊಸದು ಹಾಕಿದೀನಿ. ಜನಕ್ಕೆ ಎದೆ ನಡುಗ್ಬೇಕು!"

"ಬೇರೆ ಏನೂ ಮುಟ್ಟಿಲ್ಲ ತಾನೆ ಭಾವ?"

"ಎಲ್ಲ ಇದ್ದ ಕಡೇನೇ ಇದೆ."

"ಒಂದ್ಸಲ ಒತ್ತಿ ನೋಡ್ಬಿಡ್ತೀನಿ."

"ಜನ ಆಗ್ಲೇ ಒಳಗೆ ಬರ್ತಿದಾರೆ. ಪರದೆ ಏಳೋಕೆ ಮೊದ್ಲೇ ಕೊನೇ ಸೀನು ಕೇಳಿಸ್ತೀಯಾ? ನನ್ನ ಮೇಲೆ ನಂಬಿಕೆ ಇಲ್ವಾ?"

ಭಾವನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಒತ್ತಿ ನೋಡದೆಯೇ ತನ್ನ ಜಾಗದಲ್ಲಿ ಕೂತಳು. ಆಟ ಶುರುವಾದ ಮೇಲೆ ಕುದುರೆ ಕುದುರೆಯಾಗಿಯೇ ಓಡಿತು, ಗಾಜು ಗಾಜಾಗಿಯೇ ಒಡೆಯಿತು. ಅವಳ ಮನಸ್ಸು ನಿರಾಳವಾಯಿತು.

ಸೈನಿಕರು ಓಡಿಹೋದರು. ದೀಪ ಆರಿತು. ಗಂಡನ ಕಂಠ ಮೇಲಿನಿಂದ ಏರತೊಡಗಿತು. ಅವಳು ಗಂಟೆಯ ಕೀ ಒತ್ತಿದಳು.

ಗುಡುಗಿತು.

ಹೊಸ ಗುಡುಗು ನಿಜಕ್ಕೂ ದೊಡ್ಡದಾಗಿತ್ತು. "ಬೇಡ ರೀ!" ಎಂದು ಅವಳು ಕಿರುಚಿದ್ದು ಅದರೊಳಗೆ ಮುಳುಗಿಹೋಯಿತು. ಮೇಲೆ ಗಂಡನ ಮಾತು ಅರ್ಧಕ್ಕೇ ನಿಂತಿತು; ಅವನು ಹಾರಿದ್ದ. ಗಂಟೆಗಾಗಿ ಕಾಯುತ್ತಿದ್ದ ಮೀಸೆಯಣ್ಣ ಹಾಸಿಗೆಯ ತುದಿ ಹಿಡಿದು ನಿಂತೇ ಇದ್ದ. ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ದೀಪ ಹತ್ತಿ, ಬರೀ ಹಲಗೆಯ ಮೇಲೆ ಬಿದ್ದವನ ಕಾಲು ಸೊಟ್ಟಗಿರುವುದು ಕಂಡ ಮೇಲೂ ಹಿಂದಿನ ಸಾಲಿನವರು ತಟ್ಟುತ್ತಲೇ ಇದ್ದರು.

ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು, ಜೀವಕ್ಕೆ ಭಯವಿಲ್ಲ, ಆದರೆ ಬೆನ್ನುಹುರಿ ತುಂಡಾಗಿದೆ, ಇನ್ನು ಕಾಲು ಬರುವುದಿಲ್ಲ ಎಂದರು. ಅವರು ಅತ್ತ ಹೋಗುತ್ತಲೇ ಭಾವ ಅವಳ ಪಕ್ಕದಲ್ಲಿ ಕುಸಿದು ಕೂತ. ರಾತ್ರಿ ಆಡಿದ ಪಾತ್ರದ ಬಣ್ಣ ಅವನ ಹಣೆಯ ಮೇಲೆ ಇನ್ನೂ ಉಳಿದಿತ್ತು.

"ನನ್ನಿಂದಲೇ ಆಗಿದ್ದು ಕಣಮ್ಮ. ಹೊಸದು ಹಾಕೋವಾಗ ಗಂಟೆ, ಗುಡುಗು ಅದಲುಬದಲಾಗಿದೆ. ನೀವೆಲ್ಲ ಆಸ್ಪತ್ರೆಗೆ ಬಂದ್ಮೇಲೆ ಒತ್ತಿ ನೋಡ್ದೆ, ಆಗ ಗೊತ್ತಾಯ್ತು."

ಅವನು ಮೊಗಸಾಲೆಯ ಬಾಗಿಲ ಕಡೆ ಒಮ್ಮೆ ನೋಡಿದ.

"ಪೊಲೀಸ್‌ನೋರು ಬರ್ತಾರೆ. ನಿನ್ನ ಕೈ ತಪ್ತು ಅಂದ್ಬಿಡು. ಹೆಂಡ್ತಿ ಬೇಕಂತ ಮಾಡ್ತಾಳಾ, ಯಾರೂ ನಿನ್ನ ಏನೂ ಅನ್ನಲ್ಲ. ನಾನು ಅಂತಾದ್ರೆ ಕಂಪನಿ ಮುಚ್ಚುತ್ತೆ, ಇಷ್ಟು ಜನ ಬೀದಿಗೆ ಬೀಳ್ತಾರೆ. ಅವನಿಗೆ ಗೊತ್ತಾದ್ರಂತೂ... ನನ್ನನ್ನ ದೇವ್ರು ಅಂದ್ಕೊಂಡಿದಾನಮ್ಮ ಅವನು."

ಕೊನೆಯ ಮಾತು ಅವಳಿಗೆ ನಾಟಿತು. ಕಾಲು ಹೋದವನಿಗೆ ಅಣ್ಣನೂ ಹೋಗುವುದು ಬೇಡ ಅನ್ನಿಸಿತು. ಕಾನ್‌ಸ್ಟೇಬಲ್ ಬಂದು ಕೇಳಿದಾಗ, "ಕೈ ತಪ್ಪಿತು" ಎಂದಳು.

ಯಾರೂ ಏನೂ ಅನ್ನುವುದಿಲ್ಲ ಎಂದಿದ್ದು ಸುಳ್ಳಾಯಿತು. ಎದುರಿಗೆ ಆಡಲಿಲ್ಲ, ಅಷ್ಟೇ. ಗಂಡನನ್ನು ನೋಡಲು ಮನೆಗೆ ಬಂದ ಮೀಸೆಯಣ್ಣ ಅವನ ಕೈ ಹಿಡಿದು ಗೊಳೋ ಎಂದು ಅತ್ತ, ಅವಳು ತಂದಿಟ್ಟ ನೀರನ್ನು ಮುಟ್ಟದೆ ಎದ್ದುಹೋದ. ಅಡುಗೆಮನೆಯಲ್ಲಿದ್ದಾಗ ಕಂಪನಿಯ ಹೆಂಗಸರ ಪಿಸುಮಾತು ಕಿವಿಗೆ ಬಿತ್ತು: "ಕಟ್ಕೊಂಡೋಳೇ ಬೆನ್ನು ಮುರಿದ್ಲು." ಗಂಡ ಬೈಯಲೂ ಇಲ್ಲ, ಕೇಳಲೂ ಇಲ್ಲ. ಬೆನ್ನು ಹುಣ್ಣಾಗದಿರಲಿ ಎಂದು ಅವಳು ಹಗಲೂ ರಾತ್ರಿ ಅವನ ಮಗ್ಗುಲು ಬದಲಿಸುತ್ತಿದ್ದಳು, ಒದ್ದೆ ಬಟ್ಟೆ ತೆಗೆಯುತ್ತಿದ್ದಳು. ಅವನ ಮೌನವನ್ನು ಶಿಕ್ಷೆ ಎಂದು ತಿಳಿದು ಬಾಯಿ ಮುಚ್ಚಿ ಅನುಭವಿಸಿದಳು. ಕೈ ತಪ್ಪಿತು ಎಂದು ಹೇಳಿ ಹೇಳಿ, ನಿಜಕ್ಕೂ ತಪ್ಪಿತ್ತೇನೋ ಎಂದು ಅವಳಿಗೇ ಅನುಮಾನ ಹುಟ್ಟಿತ್ತು. ಪಾತ್ರೆ ತೊಳೆಯುತ್ತಾ ನಿಂತು ಒಮ್ಮೊಮ್ಮೆ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಹೀಗೆಯೇ ತಿಂಗಳುಗಳು ಕಳೆದವು. ಒಂದು ದಿನ ಭಾವ ಬಂದು, ಹೊಸ ನಾಯಕ ಸಿಕ್ಕಿದ್ದಾನೆ, ಅದೇ ನಾಟಕ ಮತ್ತೆ ಆಡುತ್ತೇವೆ ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ:

"ಕೀಬೋರ್ಡಿಗೆ ಬೇರೆಯೋರನ್ನ ಹಾಕಿದೀನಮ್ಮ. ತಪ್ಪು ತಿಳ್ಕೋಬೇಡ. ನೀನು ಕೂತ್ರೆ ಹುಡುಗರು ಹೆದರ್ತಾರೆ."

ಅವನು ಹೋದ ಮೇಲೆ ಅವಳು ಗಂಡನ ಮಂಚದ ಬಳಿ ಬಂದಳು. ಅಲ್ಲಿಯವರೆಗೆ ಕಟ್ಟಿಟ್ಟಿದ್ದು ಅಷ್ಟೂ ಒಡೆಯಿತು.

"ನನ್ನ ಕೈ ತಪ್ಲಿಲ್ಲ ರೀ. ನಾನು ಗಂಟೇನೇ ಒತ್ತಿದ್ದು."

ಅವನು ಸೂರು ನೋಡುತ್ತಿದ್ದ. "ಗೊತ್ತು," ಎಂದ.

"ಗೊತ್ತು ಅಂದ್ರೆ?"

"ಪೊಲೀಸ್‌ನೋರು ಹೋದ್ಮೇಲೆ ತಡೀಲಾರ್ದೆ ಅಣ್ಣ ಆಸ್ಪತ್ರೇಲೇ ಹೇಳ್ದ. ಕಾಲು ಹಿಡ್ಕೊಂಡು ಅತ್ತ. ಎಲ್ರಿಗೂ ಹೇಳ್ಬಿಡ್ತೀನಿ ಅಂದ. ನಾನೇ ಬೇಡ ಅಂದೆ."

"ಮತ್ತೆ ನಾನು?"

"ನೀನು ಗಟ್ಟಿ ಕಣೇ. ತಡ್ಕೋತೀಯ. ಅಣ್ಣ ತಡ್ಕೊಳ್ಳಲ್ಲ, ಸತ್ತೇ ಹೋಗ್ತಾನೆ."

"ಒಂದು ದಿನ, ಒಂದೇ ಒಂದು ದಿನ ನನ್ನ ಕರೆದು ಹೇಳ್ಬೋದಿತ್ತಲ್ಲ? ನಿಮಗೆ ಗೊತ್ತಿದೆ ಅಂತ?"

ಅವಳು ಅಳಲಿಲ್ಲ. ಅವನಿಗೆ ಊಟ ಮಾಡಿಸಿ, ನೀರಿನ ಲೋಟ ಕೈಗೆಟುಕುವಂತೆ ಇಟ್ಟು, ಚಪ್ಪಲಿ ಮೆಟ್ಟಿ ತಾಲೀಮಿನ ಕೋಣೆಗೆ ನಡೆದಳು.

ಬುರುಜಿಗೆ ಹೊಸದಾಗಿ ಬಣ್ಣ ಬಳಿಯುತ್ತಿದ್ದರು. ಅವಳನ್ನು ಕಂಡದ್ದೇ ಬಳಿಯುತ್ತಿದ್ದವರು ಕುಂಚ ಕೆಳಗಿಟ್ಟರು. ಅವಳು ಬಾಗಿಲ ಬಳಿಯೇ ನಿಂತು, ಅಂದು ಏನಾಯಿತು, ಯಾರು ಏನು ಬದಲಿಸಿದರು, ಆಸ್ಪತ್ರೆಯಲ್ಲಿ ಯಾರು ಏನೆಂದರು ಎಂದು ಬಿಡಿಸಿ ಹೇಳಿದಳು. ದನಿ ಎತ್ತರಿಸಲಿಲ್ಲ.

ಮೀಸೆಯಣ್ಣ ಯಜಮಾನನ ಕಡೆ ತಿರುಗಿದ. "ಹೌದಾ ಸ್ವಾಮಿ?"

ಭಾವ ಇಲ್ಲ ಅನ್ನಲಿಲ್ಲ. ತೋಳಿನಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಹೊಸ ನಾಯಕ ಬುರುಜಿನ ತುದಿಯನ್ನೊಮ್ಮೆ ನೋಡಿ, ಸೊಂಟಕ್ಕೆ ಕಟ್ಟಿದ್ದ ಕತ್ತಿ ಬಿಚ್ಚಿಟ್ಟು ಹೊರಗೆ ನಡೆದ. ಅವನ ಹಿಂದೆ ಇನ್ನೂ ಕೆಲವರು ಹೋದರು. "ಅಮ್ಮಾ..." ಎಂದು ಮೀಸೆಯಣ್ಣ ಏನೋ ಹೇಳಲು ಬಂದ. ಅವಳು ನಿಲ್ಲಲಿಲ್ಲ.

ಮನೆಗೆ ಬಂದಾಗ ಗಂಡನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಎದೆಯ ಮೇಲೆ ಫೋನು ಇತ್ತು.

"ಸಾಯ್ಸಿಬಿಟ್ಟೆ ಅವನನ್ನ," ಎಂದ.

"ಬದುಕಿದಾರೆ. ನೋಡ್ಕೊಂಡೇ ಬಂದೆ."

"ನನ್ನ ಮುಟ್ಬೇಡ."

ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು. ಅವಳು ಅವನ ಹೆಗಲಿನ ಕೆಳಗೊಂದು, ಸೊಂಟದ ಕೆಳಗೊಂದು ಕೈ ಕೊಟ್ಟು ಗೋಡೆಯ ಕಡೆಗೆ ಹೊರಳಿಸಿದಳು. ಅವನು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡ. ಬೆನ್ನಿನ ಕೆಳಗೆ ಒಂದು ಕಡೆ ಚರ್ಮ ಕೆಂಪಾಗಿತ್ತು. ಅವಳು ಅಲ್ಲಿಗೆ ಮುಲಾಮು ಹಚ್ಚಿದಳು.