ತೊಳೆದ ದೇವಿ, ಮಸಿಯ ದೇವಿ

"ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈ ಅಂದ್ರ ಹಿಂಗಿರತೈತಿ ನೋಡ್ರಿ." ನಿವೃತ್ತ ಚರಿತ್ರೆ ಮೇಷ್ಟ್ರು ಗುರುಸಂಗಪ್ಪ ಅಂಗೈಯಗಲದ ಕಲ್ಲಿನ ಬೊಂಬೆಯೊಂದನ್ನು ಎತ್ತಿ ಹೊಸಹಳ್ಳಿಯ ಸಮುದಾಯ ಭವನಕ್ಕೆಲ್ಲ ತೋರಿಸಿದರು. "ಮಾರಿ ಇಲ್ಲ, ಸೊಂಟ ಇಲ್ಲ. ದೇವಿ ಕೆತ್ತಲೇ ಅಂದ್ರ ಬದನಿಕಾಯಿ ಕೆತ್ಯಾನ."

ಜನ ನಕ್ಕರು. ಕೂಡ್ಲಿಗಿಯ ಅಂಗಡಿ ಹಾಲಸ್ವಾಮಿಯೂ ನಕ್ಕ. ಮೇಷ್ಟ್ರು ಹಂಗಿಸುತ್ತಿದ್ದ ಓಬಳೇಶನಿಗೆ ಉರಿದದ್ದು ಆ ನಗುವಿಗೇ. ಹಳೇ ಬೊಂಬೆಯ ನಕಲು ಚೆನ್ನಾಗಿ ಬಂದರೆ ಇನ್ನೂ ಐವತ್ತು ಕೆತ್ತಿಸಿ, ತಳದಲ್ಲಿ ನಿನ್ನ ಹೆಸರು ಹಾಕಿಸಿ ಮಾರುತ್ತೇನೆ ಎಂದು ಮಾತು ಕೊಟ್ಟವನು ಅವನೇ.

ಆಮೇಲೆ ಓಬಳೇಶ ಬೊಂಬೆಯನ್ನು ಸರಿಯಾಗಿ ನೋಡಿದ. ಅದು ಅವನು ಕೆತ್ತಿದ್ದೇ ಅಲ್ಲ.

ಕುರಿ ಕಾಯುವ ಗಾದೆಪ್ಪನಿಗೆ ಬೂದಿದಿಬ್ಬದಲ್ಲಿ ಸಿಕ್ಕ ಆದಿಕಾಲದ ಬೊಂಬೆಯನ್ನು ಮೇಷ್ಟ್ರು ನಕಲಿಗೆಂದು ಓಬಳೇಶನ ಮನೆಗೆ ಕಳಿಸಿದ್ದರು. ಅವನು ಬಳಪದ ಕಲ್ಲಿನಲ್ಲಿ ಅದರ ಜೋಡಿ ಕೆತ್ತಿ, ಹಳೆಯದಾಗಿ ಕಾಣಲೆಂದು ಹರಳೆಣ್ಣೆಗೆ ಒಲೆಯ ಮಸಿ ಕಲಸಿ ಬಳಿದಿದ್ದ. ಅತ್ತ ಅವನವ್ವ ಭರಮಮ್ಮ ಮಂಗಳವಾರ ಎದ್ದವಳೇ, "ಮಣ್ಣಾಗಿಂದ ಎದ್ದು ಬಂದಾಕಿಗೆ ಮೈ ತೊಳಿಬ್ಯಾಡೇನು" ಎಂದು ಅಸಲಿ ಬೊಂಬೆಗೆ ಹುಣಸೆಹುಳಿ, ಸೀಗೆಪುಡಿ ಹಚ್ಚಿ ತಿಕ್ಕಿ ಎರೆದಳು. ಸಾವಿರಾರು ವರ್ಷದ ಕೊಳೆ ಬಚ್ಚಲು ಸೇರಿತು. ದೇವಿ ನಿನ್ನೆ ಹುಟ್ಟಿದವಳಂತೆ ಬೆಳ್ಳಗೆ ಮಿಂಚಿದಳು. ಈ ಬೆಳಿಗ್ಗೆ ಯಾವುದು ಯಾವುದೆಂದು ಹೇಳಹೋದರೆ ಮೇಷ್ಟ್ರು, "ನನಗ ಕಲಸ್ತೀಯೇನಲೇ" ಎಂದು ಎರಡೂ ಬೊಂಬೆ ಕಟ್ಟಿದ್ದ ಗಂಟನ್ನೇ ಕಸಿದುಕೊಂಡಿದ್ದರು.

ಈಗ ಅವರು ಅಸಲಿಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಕರಿ ಬೊಂಬೆಯ ಮುಂದೆ ಕರಗಿ ನಿಂತಿದ್ದರು. "ಇದು ನೋಡ್ರಿ, ಕಬ್ಬಿಣ ಕಾಣದ ಕೈ. ಸೊಂಟ ಬಿಟ್ಟಾನ, ಬೇಕಂತನ ಬಿಟ್ಟಾನ. ಎಂಥಾ ಧೈರ್ಯ. ಆ ತೊಡಿ ನೋಡ್ರಿ."

ಆ ತೊಡೆಯನ್ನು ಓಬಳೇಶ ಮುರಿದ ಹ್ಯಾಕ್ಸಾ ಬ್ಲೇಡಿನಲ್ಲಿ ತಿದ್ದಿದ್ದ.

"ಅಂಥಾವ ಇವತ್ತು ಸಿಕ್ಕಿದ್ರ ಐವತ್ತಲ್ಲ, ಐನೂರು ಮಾಡಸ್ತಿದ್ದೆ ಬಿಡ್ರಿ," ಎಂದ ಹಾಲಸ್ವಾಮಿ.

ಮಾತು ಓಬಳೇಶನ ನಾಲಿಗೆಯ ತುದಿಗೆ ಬಂತು. ಆದರೆ ಅದು ನನ್ನ ಕೈ ಎಂದ ಕ್ಷಣ ಆ ತೊಡೆಗೂ ಏಳನೇ ಕ್ಲಾಸು ಅಂಟಿಕೊಳ್ಳುತ್ತದೆ. ಧೈರ್ಯವೆಲ್ಲ ತಪ್ಪಾಗುತ್ತದೆ. ಹಿಂದಿನಿಂದ ಅವ್ವ ಅವನ ಅಂಗಿ ಜಗ್ಗಿದಳು. "ಆಕಿನ್ನ ಮನಿಗೆ ಕರ್ಕೊಂಡು ನಡಿಯಲೇ. ಪೂಜಿ ಮಾಡೀನಿ, ಇಲ್ಲಿ ಬೈಸ್ಕೊಂತ ಕುಂದ್ರಬಾರದು."

ಮೇಷ್ಟ್ರು ಬಿಳಿ ಬೊಂಬೆಯನ್ನು ಅವನ ಕೈಗಿಟ್ಟರು. "ತಗೊಂಡು ಹೋಗು. ಏನರ ಹೇಳೋದೈತೇನಪ್ಪಾ ಕಲಾವಿದ?"

ಓಬಳೇಶ ಗಾಜಿನೊಳಗಿನ ತನ್ನ ಕೆಲಸವನ್ನು ಇನ್ನೊಮ್ಮೆ ಕಣ್ಣು ತುಂಬ ನೋಡಿದ. ಬೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ, ಅವ್ವನನ್ನು ಮುಂದೆ ಬಿಟ್ಟುಕೊಂಡು, ಸಾಲು ಕುರ್ಚಿಗಳ ನಡುವೆ ಹಾದು ಬಾಗಿಲು ದಾಟಿದ.